ರೋಗಕ್ಕೆ ಸಂಖ್ಯೆ ಹಾಕುವ ಶೇಖರಮ್ಮ

ಮಸ್ಕಿಯ ಗುಡ್ಡದ ಕೆಳಗಿನ ಓಣಿಯಲ್ಲಿ ಶೇಖರಮ್ಮನ ಕೆಲಸ ಏನೆಂದು ಸರಿಯಾಗಿ ಹೇಳಬಲ್ಲವರು ಕಡಿಮೆ. ದಿನವೂ ಬಸ್ಸು ಹತ್ತಿ ಸಿಂಧನೂರಿನ ದವಾಖಾನೆಗೆ ಹೋಗುತ್ತಾಳೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಹಾಗಾಗಿ ಕೆಲವರಿಗೆ ಆಕೆ ನರ್ಸಮ್ಮ, ಕೆಲವರಿಗೆ ಕಂಪ್ಯೂಟರಮ್ಮ. ಮೈ ಸುಡುವ ಕೂಸನ್ನು ಬಗಲಲ್ಲಿಟ್ಟುಕೊಂಡು ಬಂದು, "ಯಕ್ಕಾ, ಒಂದು ಸೂಜಿ ಚುಚ್ಚಿಬಿಡು ಬೇ" ಎನ್ನುವವರೂ ಉಂಟು. "ನನಗ ಸೂಜಿ ಹಿಡಿಯಾಕ ಬರಾಂಗಿಲ್ಲವ್ವಾ" ಎಂದರೆ ನಂಬುವುದಿಲ್ಲ. ದೊಡ್ಡಸ್ತಿಕೆ ಬಂದಿದೆ ಎಂದುಕೊಂಡು ಹೋಗುತ್ತಾರೆ. ಆಕೆಯ ಗಂಡ ಗುರುಬಸವನದು ಕಿರಾಣಿ ಅಂಗಡಿ. ಗಿರಾಕಿಗಳು ಕೇಳಿದರೆ ಅವನು ತಕ್ಕಡಿಯಿಂದ ಕಣ್ಣೆತ್ತದೆ ಹೇಳುತ್ತಾನೆ: "ನಮ್ಮಾಕಿ ಮಂದಿ ಜಡ್ಡಿಗೆ ನಂಬರ್ ಹಾಕ್ತಾಳ್ರಿ. ನನಗಿನ್ನೂ ಯಾವ ನಂಬರೂ ಹಾಕಿಲ್ಲ, ಅಷ್ಟು ಗಟ್ಟಿ ಅದೀನಿ ನೋಡ್ರಿ."

ಅವನು ಹೇಳುವುದೇ ಸರಿ. ರೋಗಿ ಮನೆಗೆ ಹೊರಟಾಗ ಅವನ ಫೈಲು ಶೇಖರಮ್ಮನ ಮೇಜಿಗೆ ಬರುತ್ತದೆ. ಡಾಕ್ಟರು ಬರೆದ ರೋಗದ ಹೆಸರನ್ನು ಓದಿ, ಅದಕ್ಕೆ ಎಲ್ಲ ದೇಶಗಳೂ ಒಪ್ಪಿಕೊಂಡಿರುವ ಅಕ್ಷರವನ್ನೂ ಅಂಕಿಯನ್ನೂ ಹುಡುಕಿ ಕಂಪ್ಯೂಟರಿಗೆ ಏರಿಸುವುದು ಆಕೆಯ ಕೆಲಸ. ಕನ್ನಡ ಬಾರದವನು ನೋಡಿದರೂ ಈ ಮನುಷ್ಯನಿಗೆ ಏನಾಗಿತ್ತು, ಮೈಯ ಯಾವ ಭಾಗಕ್ಕಾಗಿತ್ತು ಎಂಬುದು ಆ ಅಂಕಿಯಿಂದ ತಿಳಿಯಬೇಕು.

ಲಿಂಗಸುಗೂರಿನ ತವರಿನಲ್ಲಿ ಆಕೆ ಓದಿದ್ದು ಪಿಯುಸಿ ತನಕ. ಮದುವೆಯಾಗಿ ಮಸ್ಕಿಗೆ ಬಂದು, ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಸಿಂಧನೂರಿನ ಈ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಆಮೇಲೆ ರೋಗಗಳಿಗೆ ಸಂಖ್ಯೆ ಹಾಕಲೇಬೇಕೆಂಬ ನಿಯಮ ಬಂತು. ಮ್ಯಾನೇಜರು ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದು, "ಯಾರರ ಕಲೀರಿ" ಎಂದು ಕೌಂಟರಿನ ಮೇಲೆ ಇಟ್ಟ. ಯಾರೂ ಮುಟ್ಟಲಿಲ್ಲ. ಶೇಖರಮ್ಮ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ಮನೆಯಲ್ಲಿ ಹಿರಿಯರು ಶ್ರಾವಣದಲ್ಲಿ ಪುರಾಣ ಓದುತ್ತಿದ್ದ ಹಾಗೆ ಓದಿದಳು. ತಿಳಿದಷ್ಟು ತಿಳಿಯಲಿ ಎಂದು ಮೊದಲ ಸಲ, ತಿಳಿಯದ್ದು ತಿಳಿಯಲಿ ಎಂದು ಮತ್ತೊಂದು ಸಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಬಗ್ಗಿ ನೋಡಿ, "ಏನು ಬೇ, ಕಿರಿಸ್ತಾನರ ಪುಸ್ತಕ ಏನು?" ಎಂದು ಕೇಳಿದ್ದೂ ಇದೆ.

ಆ ಪುಸ್ತಕದಲ್ಲಿ ಆಕೆಯನ್ನು ಬಹಳ ಸೋಜಿಗಪಡಿಸಿದ್ದು ಬೂಷ್ಟಿನ ಪುಟ. ಹಳೆಯ ರೊಟ್ಟಿಗೆ, ಉಪ್ಪಿನಕಾಯಿಗೆ ಹಿಡಿಯುವ ಬೂಷ್ಟಿನ ಬಳಗಕ್ಕೆ ಸೇರಿದ್ದೊಂದು ಮನುಷ್ಯನ ಮೈಯಲ್ಲೂ ಇರುತ್ತದಂತೆ. ಎಲ್ಲರ ಮೈಯಲ್ಲೂ ಸುಮ್ಮನೆ ಬಿದ್ದಿರುತ್ತದೆ. ಮೈ ಸೋತಾಗ, ಹಸಿ ಆರದಿದ್ದಾಗ, ಸಕ್ಕರೆ ಹೆಚ್ಚಾದಾಗ ತಲೆ ಎತ್ತುತ್ತದೆ. ಅದರ ಮನೆತನದ ಹೆಸರು ಬಿ ಮೂವತ್ತೇಳು. ಮುಂದೆ ಒಂದು ಚುಕ್ಕೆ. ಚುಕ್ಕೆಯ ಮುಂದಿನ ಅಂಕಿ ಅದು ಎಲ್ಲಿ ಮನೆ ಮಾಡಿದೆ ಎಂದು ಹೇಳುತ್ತದೆ. ಬಾಯಲ್ಲಿದ್ದರೆ ಸೊನ್ನೆ. ತೊಗಲಿನಲ್ಲೋ ಉಗುರಿನಲ್ಲೋ ಇದ್ದರೆ ಎರಡು. ನಾಟಿ ಹಚ್ಚುವ ಹೆಂಗಸರು ದಿನವೆಲ್ಲ ಕೆಸರಲ್ಲಿ ನಿಂತು, ಬೆರಳ ಸಂದಿ ಬೆಳ್ಳಗೆ ಒಡೆದು ಬರುತ್ತಾರಲ್ಲ, ಅವರಲ್ಲಿ ಕೆಲವರದು ಈ ಎರಡು. ಹೆಂಗಸರು ಬಾಯಿಬಿಟ್ಟು ಹೇಳಲಾರದ ಜಾಗಕ್ಕೆ ಮೂರು. ಆ ಮೂರನ್ನು ಬರೆಯುವ ಮುಂಚೆ ಒಬ್ಬೊಬ್ಬರು ಎಷ್ಟು ತಿಂಗಳು ನುಂಗಿಕೊಂಡಿದ್ದರೋ ಎಂದು ಶೇಖರಮ್ಮನಿಗೆ ಅನಿಸುತ್ತದೆ. ರಕ್ತಕ್ಕೆ ಇಳಿದರೆ ಏಳು. ಏಳನ್ನು ಹಾಕುವಾಗ ಆಕೆ ಮನಸ್ಸಿನಲ್ಲೇ ಶಿವನ ಹೆಸರು ಹೇಳಿಕೊಳ್ಳುತ್ತಾಳೆ. ಆಗತಾನೇ ಹುಟ್ಟಿದ ಕೂಸಿನ ನಾಲಿಗೆಗೆ ಬಂದರೆ ಮಾತ್ರ ಅಕ್ಷರವೇ ಬೇರೆ. ಕೂಸುಗಳನ್ನು ದೊಡ್ಡವರ ಸಾಲಿನಲ್ಲಿ ನಿಲ್ಲಿಸದೆ ಬೇರೆ ಮನೆ ಕಟ್ಟಿಕೊಟ್ಟಿದ್ದಾರೆ. ಪುಸ್ತಕ ಬರೆದವರಲ್ಲಿ ಒಬ್ಬ ತಾಯಿ ಇದ್ದಿರಬೇಕು ಎಂದು ಆಕೆ ನಂಬಿದ್ದಾಳೆ.

ಹಂಪಣ್ಣನ ಫೈಲು ಬಂದದ್ದು ಕಾಲುವೆಗೆ ನೀರು ಬಿಟ್ಟು ಊರ ಸುತ್ತ ನಾಟಿ ನಡೆದಿದ್ದ ದಿನಗಳಲ್ಲಿ.

ಹಂಪಣ್ಣ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವವನು. ಹೊಟ್ಟಿನ ಧೂಳು, ತೌಡಿನ ಪುಡಿ ಕುಡಿದು ಕುಡಿದು ಎದೆಗೆ ದಮ್ಮು ಅಂಟಿಕೊಂಡಿತ್ತು. ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟಿದ್ದರು. ದಮ್ಮು ಹಿಡಿತಕ್ಕೆ ಬಂತು. ಆದರೆ ಕೆಲವು ತಿಂಗಳ ಮೇಲೆ ಬಾಯಿ ತುಂಬ ಮೊಸರು ಹೆಪ್ಪಾದಂತೆ ಬಿಳಿ ಕಟ್ಟಿಕೊಂಡು ಬಂದ. ಔಷಧಿ ಹಾಕಿ ಕಳಿಸಿದರು, ಹೋಯಿತು. ಈಗ ಮತ್ತೆ ಬಂದಿದೆ. ಈ ಸಲ ಗಂಟಲಿಗೂ ಇಳಿದು ಅನ್ನ ನುಂಗಲಾಗದೆ ಅಡ್ಮಿಟ್ ಆಗಿದ್ದ. ಎರಡು ದಿನದ ಔಷಧಿಗೆ ಗಂಜಿ ಇಳಿಯತೊಡಗಿತ್ತು. ಮರುದಿನ ಮನೆಗೆ ಕಳಿಸುವುದೆಂದು ತೀರ್ಮಾನವಾಗಿ ಫೈಲು ಶೇಖರಮ್ಮನ ಮುಂದೆ ಬಂತು.

ಬಾಯಿಗೊಂದು, ಗಂಟಲಿಗೊಂದು ಅಂಕಿ ಹಾಕಿದಳು. ಅಲ್ಲಿಗೆ ಮುಗಿಯಲಿಲ್ಲ. ತೆಗೆದುಕೊಂಡ ಔಷಧಿಯಿಂದಲೇ ಜಡ್ಡು ಬಂದಿದ್ದರೆ ಅದಕ್ಕೆಂದು ಬೇರೆ ಒಂದು ಸಂಖ್ಯೆ ಜೊತೆಗೆ ಹಾಕಬೇಕು. ಅದನ್ನು ಊಹೆಯಿಂದ ಹಾಕುವಂತಿಲ್ಲ, ಡಾಕ್ಟರು ಹೇಳಬೇಕು. ದಮ್ಮಿನ ಪಂಪು ಹೊಡೆದುಕೊಳ್ಳುವವರಿಗೆ ಬಾಯಲ್ಲಿ ಬೂಷ್ಟು ಬರುವುದುಂಟೆಂದು ಆಕೆ ಓದಿದ್ದಳು. ಮಧ್ಯಾಹ್ನ ಡಾಕ್ಟರ್ ವಿಜಯಶ್ರೀ ರೌಂಡ್ಸ್ ಮುಗಿಸಿ ಬಂದಾಗ ಕೇಳಿದಳು.

"ಮೇಡಂ, ಹಂಪಣ್ಣಂದು ಪಂಪಿನಿಂದ ಆಗೈತಿ ಅಂತ ಹಾಕ್ಲೇನ್ರಿ?"

ವಿಜಯಶ್ರೀ ಸಿಂಧನೂರಿನವಳೇ, ಚಿಕ್ಕ ವಯಸ್ಸಿನವಳು. ಕುರ್ಚಿಯ ಕೈ ಮೇಲೆ ಹಾಗೇ ಕುಳಿತು ನೀರು ಕುಡಿದಳು. "ನನಗೂ ಹಂಗ ಅನಿಸಿತ್ರಿ ಶೇಖರಮ್ಮಾರ. ಆದ್ರ ಬಾಯಿ ಮುಕ್ಕಳಿಸ್ರಿ ಅಂತ ಮೊದಲ ಸಲಾನ ಹೇಳೀನಿ. ಮಾಡ್ತೀರೇನು ಅಂದ್ರ, ತಪ್ಪದಂಗ ಮಾಡ್ತೀನ್ರಿ ಅಂತಾನ. ಸುಳ್ಳು ಹೇಳೋ ಮನುಷ್ಯನೂ ಅಲ್ಲ. ಸಕ್ಕರಿ ಇಲ್ಲ, ರಕ್ತದಾಗೂ ಏನಿಲ್ಲ ಅಂತ ಬಂದೈತಿ. ಮತ್ಯಾಕ ತಿರುಗಿ ಬಂತು? ರಕ್ತ ಇನ್ನೊಮ್ಮೆ ತಗೊಂಡು ರಾಯಚೂರಿಗೆ ಕಳಿಸೂಣು. ನೀವು ಫೈಲ್ ನಾಳೆ ತನಕ ಹಿಡೀರಿ."

ರಕ್ತ ಇನ್ನೊಮ್ಮೆ ಎಂಬ ಮಾತು ವಾರ್ಡಿಗೆ ಹೋಗಿ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಸಂಜೆಯೊಳಗೆ ಆಯಾ ರಮಜಾನಬಿ ಒಬ್ಬ ಹೆಂಗಸನ್ನು ಭುಜ ಹಿಡಿದು ಕರೆತಂದು ಶೇಖರಮ್ಮನ ಕೋಣೆಯ ಸ್ಟೂಲಿನ ಮೇಲೆ ಕೂಡಿಸಿದಳು.

"ಅಕ್ಕಾರ, ಈಕಿನ್ನ ಸ್ವಲ್ಪ ಇಲ್ಲಿ ಕುಂದ್ರಿಸಿಕೊಳ್ರಿ. ವಾರ್ಡಿನಾಗ ಅಳಾಕತ್ತಾಳ. ಅಲ್ಲಿ ಒಬ್ಬಾಕಿ ಅತ್ರ ಸಾಕು, ಸಮಾಧಾನ ಮಾಡಾಕ ಬಂದವರು ಸತ್ತವರ ಮನಿ ಸುದ್ದಿ ತಗೀತಾರ. ಮುಂಡೇವು, ಜಡ್ಡಿನ ಮಂದಿ ನೋಡಾಕ ಬಂದಾವೋ, ಹೆಣ ಹೊರಾಕ ಬಂದಾವೋ!" ಎಂದು ಬೈದು, ಫ್ಯಾನು ಜೋರು ಮಾಡಿ ಹೋದಳು.

ಆ ಹೆಂಗಸು ಪಾರ್ವತೆಮ್ಮ, ಹಂಪಣ್ಣನ ಹೆಂಡತಿ. ನಲವತ್ತು ದಾಟಿದ್ದಿರಬೇಕು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಶೇಖರಮ್ಮನ ಕಂಪ್ಯೂಟರಿನ ಬೆನ್ನನ್ನು ನೋಡುತ್ತ ಕುಳಿತಳು. ಆಮೇಲೆ ಕೇಳಿದಳು.

"ಜಡ್ಡಿಗೆ ನಂಬರ್ ಹಾಕವರು ನೀವಂತಲ್ರಿ?"

"ಹೂಂ ಯವ್ವಾ."

"ನಮ್ಮ ಮನಿಯವರಿಗೆ ಯಾವ ನಂಬರ್ ಹಾಕೀರಿ?"

ಶೇಖರಮ್ಮ ಕೀಬೋರ್ಡಿನಿಂದ ಕೈ ತೆಗೆದಳು. "ಅದನ್ನ ನಾ ಹೇಳಾಂಗಿಲ್ಲ ತಂಗಿ. ನಿನ್ನ ಗಂಡ ಬಂದು ನಿನ್ನ ಜಡ್ಡು ಕೇಳಿದ್ರೂ ಹೇಳಾಂಗಿಲ್ಲ. ಡಾಕ್ಟರ್ ಕೇಳು, ನಿನ್ನ ಗಂಡನ್ನ ಕೇಳು."

"ಡಾಕ್ಟ್ರು ಏನೂ ಇಲ್ಲ ಅಂತಾರ. ಏನೂ ಇಲ್ಲದಿದ್ರ ರಕ್ತ ಮತ್ಯಾಕ ಬೇಕಂತ ಅವರಿಗೆ?" ಪಾರ್ವತೆಮ್ಮನ ದನಿ ಇಳಿಯಿತು. "ಬಾಜೂ ಮಂಚದ ಮುದುಕಿ ಹೇಳಿದ್ಲು. ದೊಡ್ಡ ಗಂಡಸಿನ ಬಾಯಾಗ ಬೆಳ್ಳಗ ಬಂದು, ಹೋಗಿ ಮತ್ತ ಬಂತಂದ್ರ ಅದು ಆ ಜಡ್ಡು ಅಂತ. ಆಕಿ ಅಳಿಯಗ ಹಿಂಗ ಆಗಿತ್ತಂತ, ಆರು ತಿಂಗಳಾಗ ಹೋದನಂತ. ನಮ್ಮವರು ಮದಿವಿ ಮುಂಚೆ ಲಾರಿ ಮ್ಯಾಲೆ ಕ್ಲೀನರ್ ಇದ್ರು. ಹೈದ್ರಾಬಾದು, ವಿಜಯವಾಡ ಅಂತ ವಾರಗಟ್ಟಲೆ ತಿರುಗ್ಯಾರ. ನಾ ಕೇಳಿದೆ. ಲಾರಿ ದಿನದಾಗ ಏನರ ಆಗಿತ್ತೇನು ಅಂತ ಕೇಳಿದೆ. ಮುಖ ತಿರುವಿಬಿಟ್ರು ಅಕ್ಕಾರ. ಒಂದು ಮಾತು, ಇಲ್ಲ ಅನ್ನಬೇಕಿತ್ತಲ್ಲ? ಗ್ವಾಡಿ ಕಡೆ ಹೊಳ್ಳಿ ಮಲಗಿಬಿಟ್ರು."

ಏಡ್ಸ್ ಎಂದು ಯಾರೂ ಬಾಯಿಬಿಟ್ಟು ಹೇಳದ ಆ ಜಡ್ಡಿಗೂ ಶೇಖರಮ್ಮನ ಬಳಿ ಒಂದು ಸಂಖ್ಯೆ ಇತ್ತು. ಆ ಸಂಖ್ಯೆಯನ್ನು ಹಾಕಿದ ಮೇಲೂ ದಿನಕ್ಕೊಂದು ಗುಳಿಗೆ ತೆಗೆದುಕೊಂಡು, ಹೊಲ ಮಾಡಿಕೊಂಡು, ಮಕ್ಕಳ ಮದುವೆ ಮಾಡಿದವರನ್ನು ಆಕೆ ಕಂಡಿದ್ದಳು. ಅದನ್ನಷ್ಟು ಹೇಳಿದಳು: "ಆ ಜಡ್ಡು ಬಂದವರೂ ಮನುಷ್ಯಾರ ತಂಗಿ. ಈಗ ಗುಳಿಗಿ ಅದಾವ, ಚೊಲೋ ಬದುಕಾಕತ್ಯಾರ. ಒಂದು ತಂಬಿಗಿ ನೀರು ಕುಡದ್ರ, ಒಂದು ಗಂಗಾಳದಾಗ ಉಂಡ್ರ ಬರಾಂಗಿಲ್ಲ."

"ಜಡ್ಡಿಗೆ ಅಂಜಿಲ್ರಿ ನಾ," ಎಂದಳು ಪಾರ್ವತೆಮ್ಮ. "ಜಡ್ಡು ಬಂದ್ರ ಮಾಡ್ತೀನಿ, ಹೇಲು ಉಚ್ಚಿ ಬಾಚಿ ಮಾಡ್ತೀನಿ. ಇಷ್ಟು ವರ್ಷ ನನ್ನ ಮುಂದ ಸುಳ್ಳು ಹೊತಗೊಂಡು ಕುಂತಿದ್ರೇನು ಅಂತ, ಅದಕ್ಕ ಅಂಜೀನಿ. ಹಂತಾ ಮನುಷ್ಯನ ಮನ್ಯಾಗ ಹೆಂಗ ಇರ್ಲಿ? ತುರ್ವಿಹಾಳಕ್ಕ ನಮ್ಮಣ್ಣಗ ಫೋನ್ ಮಾಡಿ ಎಲ್ಲಾ ಹೇಳೀನಿ. ನಾಳೆ ಮಧ್ಯಾಹ್ನ ಬಂದು ಕರಕೊಂಡು ಹೋಗ್ತಾನ."

"ಎಲ್ಲಾ ಹೇಳಿದ್ಯೇನು?"

"ಎಲ್ಲಾ. ಅಣ್ಣಗ, ಅತ್ತಿಗಿಗೆ, ಫೋನ್ ಕಸಗೊಂಡ ಅವ್ವಗ." ಹೇಳಿ ಮುಗಿಸುತ್ತಲೇ ಅವಳ ಬಾಯಿ ತಾನಾಗಿ ಬೇರೆ ದಾರಿ ಹಿಡಿಯಿತು. ಬೈಯುತ್ತ ಬೈಯುತ್ತ ಹೊಗಳತೊಡಗುವುದು ಬಹುಕಾಲ ಜೊತೆಗಿದ್ದವರ ಸ್ವಭಾವ. "ಅಲ್ರೀ, ಎಂಥಾ ಚೊಕ್ಕ ಮನುಷ್ಯಾ ಅಂತೀರಿ. ಜಳಕ ಇಲ್ಲದ ಚಾ ಮುಟ್ಟಾಂಗಿಲ್ಲ. ಆ ಹಾಳಾದ ಪಂಪ್ ಹೊಡಕೊಳ್ಳೋ ಮುಂಚೆ ಸೈತ ಬಾಯಿ ತೊಳಕೊಂಡು, ಸಾಮಿಗೆ ಕೈ ಮುಗದು ಹೊಡಕೊಳ್ತಾರ. ಹೊಡಕೊಂಡ ಮ್ಯಾಲೆ ಹೊತ್ತು ಏರೂತನಕ ಹನಿ ನೀರು ಮುಟ್ಟಾಂಗಿಲ್ಲ. ಅಷ್ಟು ಪಥ್ಯ ಮಾಡೋ ಬಾಯಿಗೆ ಬೂಷ್ಟು ಬರತೈತಿ ಅಂದ್ರ ಒಳಗಿನ ಪಾಪ ಅಲ್ಲದ ಮತ್ತೇನ್ರಿ?"

ಶೇಖರಮ್ಮ ಆ ಮಾತಿಗೆ ತಲೆದೂಗಿದಳು. ಶಿಸ್ತಿನ ಮನುಷ್ಯ ಎಂದುಕೊಂಡಳು. ಅದರಲ್ಲಿ ಬೇರೇನಾದರೂ ಇದೆಯೆಂದು ಆಕೆಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆಕೆಯ ತವರಿನಲ್ಲೂ, ಗಂಡನ ಮನೆಯಲ್ಲೂ ಔಷಧಿ ತೆಗೆದುಕೊಳ್ಳುವುದು ಹಾಗೆಯೇ. ಪಾರ್ವತೆಮ್ಮನಿಗೆ ಚಹ ತರಿಸಿ ಕುಡಿಸಿ, "ನಾಳೆ ತನಕ ತಡಿ ತಂಗಿ" ಎಂದಷ್ಟೇ ಹೇಳಿ, ಮಸ್ಕಿಯ ಬಸ್ಸು ಹಿಡಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೂ ಹೊರಗಿನ ಗದ್ದೆ ಕಾಣಲಿಲ್ಲ. ರಕ್ತದಲ್ಲಿ ಏನೂ ಇಲ್ಲವೆಂದು ಆಕೆಗೆ ಗೊತ್ತು. ಡಾಕ್ಟರೂ ಅದನ್ನೇ ಹೇಳಿದ್ದಾರೆ. ಆದರೆ ಪಾರ್ವತೆಮ್ಮನಿಗೆ ಬೇಕಾದದ್ದು 'ಇಲ್ಲ' ಎಂಬ ಮಾತಲ್ಲ, 'ಯಾಕೆ' ಎಂಬುದಕ್ಕೆ ಉತ್ತರ. ಯಾಕೆ ತಿರುಗಿ ಬಂತು ಎಂದು ಯಾರೂ ಹೇಳಲಾರದ ತನಕ ಮುದುಕಿಯ ಮಾತೇ ಗೆಲ್ಲುತ್ತದೆ. ರಾಯಚೂರಿನಿಂದ ವರದಿ ಬರುವ ಹೊತ್ತಿಗೆ ಅವಳು ತುರ್ವಿಹಾಳದಲ್ಲಿ ಇರುತ್ತಾಳೆ. ಹಾಗೆ ಹೋದ ಹೆಣ್ಣುಮಕ್ಕಳು ವರದಿ ನೋಡಿ ತಿರುಗಿ ಬಂದದ್ದನ್ನು ಶೇಖರಮ್ಮ ಕಂಡಿರಲಿಲ್ಲ. ಅಷ್ಟರಲ್ಲಿ ತವರಿನವರ ನಡುವೆ ಮಾತು ಬೆಳೆದಿರುತ್ತದೆ. ಮಾತಿಗೆ ಬೂಷ್ಟು ಹಿಡಿದರೆ ತೊಳೆಯುವ ಔಷಧಿ ಯಾವ ಪುಸ್ತಕದಲ್ಲೂ ಇಲ್ಲ.

ಬೆಳಿಗ್ಗೆ ಜಳಕ ಮಾಡಿ ಪೂಜೆಗೆ ಕುಳಿತಳು. ಅತ್ತೆಯ ಕಾಲದಿಂದ ಬಂದ ಪದ್ಧತಿ. ಬಾಯಿ ಮುಕ್ಕಳಿಸಿ ಬಂದು, ವಿಭೂತಿ ಧರಿಸಿ, ಲಿಂಗಕ್ಕೆ ನೀರೆರೆದು ಪೂಜಿಸಿ, ಆ ತೀರ್ಥವನ್ನು ಅಂಗೈಯಲ್ಲಿ ಹಿಡಿದು ಸೇವಿಸುವುದು. ಶೇಖರಮ್ಮ ತೀರ್ಥ ಸೇವಿಸಿ, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅಡುಗೆ ಮನೆಯಿಂದ ಗುರುಬಸವ, "ಏನೇ, ಚಾ ಆರಾಕತ್ತೈತಿ" ಎಂದು ಕೂಗಿದ.

"ತಡೀರಿ, ಈಗ ತೀರ್ಥ ತಗೊಂಡೀನಿ," ಎಂದಳು. ಹೇಳಿದವಳು ಹಾಗೇ ಕುಳಿತುಬಿಟ್ಟಳು.

ತೀರ್ಥದ ಮೇಲೆ ಯಾರಾದರೂ ಬಾಯಿ ಮುಕ್ಕಳಿಸಿ ಉಗುಳುತ್ತಾರೆಯೇ? ಉಗುಳಬೇಕೆಂದು ದೊಡ್ಡ ಡಾಕ್ಟರೇ ಬಂದು ಹೇಳಿದರೂ ತನ್ನ ಕೈಲಾದೀತೇ? ಹಂಪಣ್ಣ ಬಾಯಿ ಮುಕ್ಕಳಿಸುವುದು ನಿಜ. ಪಂಪಿಗೆ ಮುಂಚೆ. ಡಾಕ್ಟರಮ್ಮ ಕೇಳಿದ್ದು ನಿಜ, ಅವನು ಹೇಳಿದ್ದೂ ನಿಜ. ನಿನ್ನೆ ತಾನು ತಲೆದೂಗಿದ ಮಾತೇ ಇದು. ಕೇಳಿಯೂ ಕೇಳದವಳಂತೆ ಕುಳಿತಿದ್ದೆನಲ್ಲ ಎಂದು ಆಕೆಗೆ ನಾಚಿಕೆಯಾಯಿತು. ಚಹ ಕುಡಿಯದೆ ಚೀಲ ಎತ್ತಿಕೊಂಡಳು.

"ಇವತ್ತ್ಯಾರಿಗೆ ನಂಬರ್ ಬಂತು ಇಷ್ಟು ಜಲ್ದಿ?" ಎಂದು ಗುರುಬಸವ ಬಾಗಿಲ ತನಕ ಬಂದ. ಆಕೆ ಆಗಲೇ ಓಣಿಯ ತಿರುವಿನಲ್ಲಿದ್ದಳು.

ದಾರಿಯಲ್ಲಿ ಇನ್ನೊಂದು ಅಳುಕು ಹುಟ್ಟಿತು. ಪಾರ್ವತೆಮ್ಮ ತನ್ನ ಮುಂದೆ ಅತ್ತು ಆಡಿದ ಮಾತನ್ನು ಡಾಕ್ಟರ ಮುಂದೆ ಇಡುವುದು ಸರಿಯೇ? ಹೆಂಡತಿಯ ಸಂಶಯ, ಲಾರಿಯ ದಿನಗಳು, ತುರ್ವಿಹಾಳದ ಫೋನು ಇವು ಫೈಲಿನ ಮಾತಲ್ಲ. ಅವುಗಳನ್ನು ತನ್ನಲ್ಲೇ ಇಟ್ಟುಕೊಂಡು, ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ವಿಜಯಶ್ರೀ ಇನ್ನೂ ಕಾರಿನಿಂದ ಇಳಿಯುತ್ತಿದ್ದಳು. ಶೇಖರಮ್ಮ ಬಾಗಿಲಲ್ಲೇ ನಿಂತಿದ್ದಳು.

"ಮೇಡಂ, ಹಂಪಣ್ಣನ ಪಂಪಿನ ನಂಬರ್ ಅಲ್ಲಿಗೇ ನಿಂತೈತ್ರಿ. ಔಷಧಿ ಹೇಳಿದಂಗ ತಗೊಂಡ್ರೂ ಆಗೈತೋ, ತಗೊಳ್ಳೋದ್ರಾಗ ಏನರ ಹೆಚ್ಚುಕಮ್ಮಿ ಆಗೈತೋ ಅಂತ ನನಗ ಗೊತ್ತಾಗಬೇಕ್ರಿ. ನಿಮ್ಮ ಮುಂದ ಒಮ್ಮೆ ಹೊಡಕೊಂಡು ತೋರಿಸಂತ ಹೇಳ್ತೀರೇನ್ರಿ? ಏಳೋದ್ರಿಂದ ಹಿಡದು, ಪೂರಾ."

ವಿಜಯಶ್ರೀ ಆಕೆಯ ಮುಖ ನೋಡಿದಳು. "ನಡೀರಿ, ಮೊದಲು ಅಲ್ಲೇ ಹೋಗೂಣು" ಎಂದಳು.

ಹಂಪಣ್ಣ ಮಂಚದ ಮೇಲೆ ಕುಳಿತು ಗಂಜಿಯ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದ. ತೆಳ್ಳನೆಯ ಮನುಷ್ಯ. ಹುಬ್ಬಿನ ಕೂದಲಲ್ಲೂ ತೌಡು ಕೂತಂತೆ ನರೆ. ಪಾರ್ವತೆಮ್ಮ ಮಂಚದ ಆಚೆ ಕಿಟಕಿಯ ಹತ್ತಿರ, ಚೀಲ ಕಟ್ಟಿಕೊಂಡು, ಅವನಿಗೆ ಬೆನ್ನು ಹಾಕಿ ನಿಂತಿದ್ದಳು.

"ಹಂಪಣ್ಣಾರ, ಪಂಪ್ ಹೊಡಕೊಂಡ್ರೇನು ಇವತ್ತು?"

"ಇಲ್ರಿ ಅವ್ವಾರ. ಈಗ ಹೊಡಕೊಳ್ಳೋನದೀನಿ."

"ಹೊಡಕೊಳ್ರಿ, ನೋಡ್ತೀನಿ. ಮನ್ಯಾಗ ಮಾಡಿದಂಗ."

ಹಂಪಣ್ಣ ಎದ್ದ. ಮೂಲೆಯ ನಲ್ಲಿಗೆ ಹೋಗಿ, ಬೊಗಸೆ ಬೊಗಸೆ ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿದ. ನಾಲಿಗೆ ಉಜ್ಜಿಕೊಂಡ. ಮುಖ ಒರೆಸಿಕೊಂಡು ಬಂದು, ಪೂರ್ವಕ್ಕೆ ತಿರುಗಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡ. ಪಂಪು ಕುಲುಕಿ ಬಾಯಿಗಿಟ್ಟು ಎಳೆದುಕೊಂಡು, ಉಸಿರು ಹಿಡಿದು, ಬಿಟ್ಟ. ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮಂಚದ ಮೇಲೆ ಕುಳಿತುಬಿಟ್ಟ. ಮುಗಿಯಿತು.

"ಮುಂದ?" ಎಂದಳು ವಿಜಯಶ್ರೀ.

"ಮುಂದೇನ್ರಿ? ಆತಲ್ರಿ."

"ಬಾಯಿ ಮುಕ್ಕಳಿಸೋದು?"

"ಮುಕ್ಕಳಿಸಿದ್ನಲ್ರಿ, ನಿಮ್ಮ ಎದುರಿಗೇ!"

"ಹೊಡಕೊಂಡ ಮ್ಯಾಲೆ ಅಂತ ಹೇಳಿದ್ದೆ ನಾ."

ಹಂಪಣ್ಣ ತಲೆ ಕೆರೆದುಕೊಂಡ. "ನೀವು ಹೇಳಿದ್ದು ಖರೇ ಐತ್ರಿ. ಕೇಳೀನ್ರಿ ನಾ. ಆದ್ರ ತಗೊಂಡ ಔಷಧ ಯಾರರ ಉಗುಳ್ತಾರೇನ್ರಿ? ನಾ ಸಣ್ಣಾವಿದ್ದಾಗ ದಮ್ಮಿಗಂತ ನಮ್ಮಪ್ಪ ಲಿಂಗಸುಗೂರು ಕಡೆ ಒಬ್ಬ ಅಜ್ಜನ ಹಂತೇಕ ಬೇರು ಕುಡಿಸಾಕ ಒಯ್ತಿದ್ದ. ಬಾಯಿ ತೊಳಕೊಂಡು ಬಾ, ಕುಡದ ಮ್ಯಾಲೆ ನೀರು ಮುಟ್ಟೀ ಅಂದ್ರ ಔಷಧ ಮುರೀತೈತಿ ಅಂತಿದ್ದ ಆ ಅಜ್ಜ. ಅವ್ವಾರಿಗೆ ಬಾಯಿ ಚೊಕ್ಕ ಇರಬೇಕಾಗೈತಿ, ಮುಂಚೆ ತೊಳಕೊಂಡ್ರೇನು ಆಮ್ಯಾಲೆ ತೊಳಕೊಂಡ್ರೇನು, ಔಷಧನೂ ಮುರೀಬಾರದು ಅಂತ ನಾನ ಹಂಗ ಹೊಂದಿಸಿಕೊಂಡೆ."

ವಿಜಯಶ್ರೀ ಮಂಚದ ತುದಿಗೆ ಕುಳಿತು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಳು. ಅಳುತ್ತಾಳೇನೋ ಎಂದು ಶೇಖರಮ್ಮನಿಗೆ ಗಾಬರಿ. ನಗುತ್ತಿದ್ದಳು. "ನಮ್ಮಜ್ಜಿ ನನಗ ಕಾಮಾಲಿ ಔಷಧ ಕುಡಿಸಿ ಮಧ್ಯಾಹ್ನದ ತನಕ ನೀರಿಲ್ಲದ ಕುಂದ್ರಿಸಿದ್ಲು. ಈ ಊರಾಗ ಹುಟ್ಟಿ ಬೆಳದು, ಯಾವಾಗ ಮುಕ್ಕಳಿಸ್ತೀರಿ ಅಂತ ಕೇಳೋದು ನನಗ ಹೊಳೀಲಿಲ್ಲ ನೋಡ್ರಿ." ಆಮೇಲೆ ಗಂಭೀರವಾಗಿ ಅವನ ಕಡೆ ಬಾಗಿದಳು. "ಇದು ಬೇರಿನ ಔಷಧ ಅಲ್ರಿ ಹಂಪಣ್ಣಾರ. ಎಳಕೊಂಡ ಕೂಡಲೇ ಎದಿಗೆ ಇಳದು ಹೋಗೈತಿ. ಬಾಯಾಗ, ಗಂಟಲದಾಗ ಉಳದದ್ದು ಬರೇ ಚೆಲ್ಲಿದ್ದು. ಹೊಲಕ್ಕ ಬಿಟ್ಟ ನೀರು ಬದುವಿನ ಮೂಲ್ಯಾಗ ನಿಂತ್ರ ಏನ್ ಬೆಳೀತೈತಿ?"

"ಕಸ ಬೆಳೀತೈತ್ರಿ."

"ನಿಮ್ಮ ಬಾಯಾಗೂ ಅದ ಬೆಳದೈತಿ. ಇದಕ್ಕ ತಿರುಗಿ ತಿರುಗಿ ಬಂತು. ಇನ್ನ ಮ್ಯಾಲೆ ಹೊಡಕೊಂಡ ಕೂಡಲೇ ಮುಕ್ಕಳಿಸಿ ಉಗುಳಬೇಕು. ರಕ್ತ ಎಲ್ಲಿಗೂ ಕಳಿಸೋದು ಬ್ಯಾಡ. ನಡೀರಿ, ಈಗ ಉಗುಳ್ರಿ."

ಹಂಪಣ್ಣ ನಲ್ಲಿಯ ತನಕ ಹೋದ. ಬಾಯಲ್ಲಿ ನೀರು ತುಂಬಿಕೊಂಡ. ಕೆನ್ನೆ ಉಬ್ಬಿಸಿ ನಿಂತ. ಉಗುಳಲಾರ. ಡಾಕ್ಟರಮ್ಮನ ಮುಖ ನೋಡಿದ, ಪೂರ್ವದ ಕಿಟಕಿ ನೋಡಿದ. ಪೂಜೆಯ ನೀರನ್ನು ಬಚ್ಚಲಿಗೆ ಚೆಲ್ಲು ಎಂದರೆ ಹೇಗೋ ಹಾಗೆ ನಿಂತವನನ್ನು ನೋಡಿ ಶೇಖರಮ್ಮನ ಎದೆ ತುಂಬಿ ಬಂತು. ವಾರ್ಡಿನವರೆಲ್ಲ ತಿಂಡಿ ಬಿಟ್ಟು ಅವನ ಕೆನ್ನೆಗಳನ್ನೇ ನೋಡುತ್ತಿದ್ದರು.

"ಉಗುಳೋ ಮಾರಾಯಾ, ಎಷ್ಟೊತ್ತು ಕೆರಿ ಕಟ್ಟತೀ!" ಎಂದಳು ರಮಜಾನಬಿ, ಕಸಬರಿಗೆ ಹಿಡಿದುಕೊಂಡು.

ಕಿಟಕಿಯ ಹತ್ತಿರ ಅಲುಗಾಟವಾಯಿತು. ಪಾರ್ವತೆಮ್ಮ ಚೀಲವನ್ನು ಕೆಳಗಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಬಂದು ಗಂಡನ ಬೆನ್ನಿನ ಮೇಲೆ ಕೈಯಿಟ್ಟಳು. "ಉಗುಳ್ರಿ," ಎಂದಳು ಮೆಲ್ಲಗೆ. "ಪಾಪ ಬಂದ್ರ ನನಗ ಬರ್ಲಿ. ಉಗುಳ್ರಿ."

ಹಂಪಣ್ಣ ಉಗುಳಿದ.

ಡಾಕ್ಟರಮ್ಮ ಫೈಲಿನಲ್ಲಿ ಬರೆದು ಸಹಿ ಮಾಡಿದಳು. ಶೇಖರಮ್ಮ ತನ್ನ ಕೋಣೆಗೆ ಬಂದು ಬಾಕಿ ಉಳಿದಿದ್ದ ಸಂಖ್ಯೆಯನ್ನು ಹುಡುಕತೊಡಗಿದಳು. ಪುಸ್ತಕದಲ್ಲಿ ಔಷಧಿ ತಪ್ಪಾಗಿ ತೆಗೆದುಕೊಂಡದ್ದಕ್ಕೆ ಒಂದು ಸಾಲು, ಸರಿಯಾಗಿ ತೆಗೆದುಕೊಂಡರೂ ತೊಂದರೆಯಾದದ್ದಕ್ಕೆ ಒಂದು ಸಾಲು. ಹಂಪಣ್ಣ ಔಷಧಿಯನ್ನು ಸರಿಯಾಗಿಯೇ ತೆಗೆದುಕೊಂಡಿದ್ದ, ಹೇಳಿದಷ್ಟೇ, ಹೇಳಿದ ಹೊತ್ತಿಗೆ. ಡಾಕ್ಟರಮ್ಮನೂ ಹಾಗೇ ಬರೆದಿದ್ದಳು. ಭಕ್ತಿ ಹೆಚ್ಚಾದದ್ದಕ್ಕೆ ಪುಸ್ತಕದಲ್ಲಿ ಸಾಲು ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆಗೆ ಹೋಗುವ ಕಾಗದ ತೆಗೆದುಕೊಳ್ಳಲು ಗಂಡ ಹೆಂಡತಿ ಬಂದರು. ಪ್ರಿಂಟರು ತಡ ಮಾಡಿತು. ಇಬ್ಬರೂ ಗೋಡೆಯ ಬದಿಯ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತರು. ಶೇಖರಮ್ಮ ಪರದೆಯ ಕಡೆ ಮುಖ ಮಾಡಿದಳು. ಕಿವಿಯನ್ನು ಎಲ್ಲಿಗೆ ತಿರುಗಿಸುವುದು?

"ನಾ ಕೇಳಿದಾಗ ಇಲ್ಲ ಅನ್ನಬೇಕಿತ್ತು ನೀವು," ಎಂದಳು ಪಾರ್ವತೆಮ್ಮ. "ಗ್ವಾಡಿ ಕಡೆ ಯಾಕ ಹೊಳ್ಳಿದ್ರಿ?"

ಹಂಪಣ್ಣ ಮೊಳಕಾಲು ಸವರಿಕೊಂಡ. ಮಾತಾಡಿದಾಗ ನೋವಿಗೆ ಗಂಟಲು ಒಡೆದಿತ್ತು. "ಲಾರಿ ಮ್ಯಾಲಿದ್ದಾಗ ಒಮ್ಮೆ ಕರ್ನೂಲ್ ಕಡೆ ಗಾಡಿ ಪಲ್ಟಿ ಆಗಿತ್ತು. ಕಾಲು ಮುರದು, ಅಲ್ಲಿ ಯಾರದೋ ರಕ್ತ ಹಾಕಿದ್ರು. ನೀ ಕೇಳಿದಾಗ ಅದು ನೆನಪಾತು. ಅದರಾಗಿಂದ ಬಂದಿರಬೇಕು, ನನಗ ಬಂದೈತಿ, ನಿನಗೂ ಕೊಟ್ಟೀನಿ ಅಂತ ಎದಿ ಒಡೀತು. ಇಲ್ಲ ಅಂತ ಹೆಂಗ ಅನ್ನಲಿ? ನನಗ ಗೊತ್ತಿರಲಿಲ್ಲಲ್ಲ."

"ಅದನ್ನ ಹೇಳಬೇಕಿತ್ತು."

"ನೀನೂ ಮತ್ತೊಮ್ಮೆ ಕೇಳಬೇಕಿತ್ತು. ಅಣ್ಣಗ ಫೋನ್ ಮಾಡೋ ಮುಂಚೆ."

ಅವನಿಗೆ ಎಲ್ಲ ಕೇಳಿಸಿತ್ತು. ಗೋಡೆಗೆ ಮುಖ ಹಾಕಿ ಮಲಗಿದವನು ನಿದ್ದೆ ಮಾಡಿರಲಿಲ್ಲ. ಪಾರ್ವತೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪ್ರಿಂಟರು ಕಾಗದ ಹೊರಗೆ ನೂಕಿತು. ಶೇಖರಮ್ಮ ಅದನ್ನು ಕೈಗೆತ್ತಿಕೊಂಡರೂ ಕೊಡಲು ಏಳಲಿಲ್ಲ.

"ಹೋಗೋದಿದ್ರ ಹೋಗಿ ಬಾ ತುರ್ವಿಹಾಳಕ್ಕ," ಎಂದ ಹಂಪಣ್ಣ. "ಸಿಟ್ಟಿಲ್ಲ ನನಗ. ಮನಸ್ಸು ಆರಿದ ಮ್ಯಾಲೆ ಬಾ."

"ಹೋಗ್ತೀನಿ. ಹೋಗಬೇಕು." ಪಾರ್ವತೆಮ್ಮ ಮೂಗು ಒರೆಸಿಕೊಂಡಳು. "ನೀವೂ ಬರ್ರಿ. ಅಲ್ಲಿ ಅಣ್ಣನ ಮುಂದ, ಅತ್ತಿಗಿ ಮುಂದ, ಅವ್ವನ ಮುಂದ ನಿಮ್ಮ ಮ್ಯಾಲೆ ಹೊರಿಸಿದ ಮಾತು ನನ್ನ ಬಾಯಿಲೇ ನಾ ತಿರುಗಿ ತಗೋಬೇಕು. ಫೋನಿನ್ಯಾಗ ಹೇಳಿದ್ರ ಆಗಾಂಗಿಲ್ಲ ಅದು. ನೀವು ಎದುರಿಗೆ ಕುಂತಿರಬೇಕು, ಅವರು ನೋಡಬೇಕು, ನಾ ನುಂಗಬೇಕು."

ಹಂಪಣ್ಣ ಅವಳ ಕಡೆ ತಿರುಗಿದ. ಆ ಹಗಲು ಮೊದಲ ಸಲ. "ಗಂಟಲ ಬ್ಯಾನಿ ನನಗ," ಎಂದ. "ನುಂಗಾಕ ಕುಂತಾಕಿ ನೀನು."

ಪಾರ್ವತೆಮ್ಮನಿಗೆ ಅಳುವಿನ ನಡುವೆ ನಗು ಬಂದು ಕೆಮ್ಮು ಹತ್ತಿತು. ಶೇಖರಮ್ಮ ಆಗ ಎದ್ದು ಕಾಗದ ಕೊಟ್ಟಳು. ಕಾಗದದ ಕೆಳಗಿನ ಅಂಕಿಗಳನ್ನು ಪಾರ್ವತೆಮ್ಮ ನೋಡಲಿಲ್ಲ. ಮಡಚಿ ಗಂಡನ ಅಂಗಿಯ ಕಿಸೆಯಲ್ಲಿಟ್ಟಳು.

ಅಷ್ಟರಲ್ಲಿ ಬಾಗಿಲಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಗಂಡಸೊಬ್ಬ ಬಂದು ನಿಂತ. ತುರ್ವಿಹಾಳದ ಅಣ್ಣ. ಜಗಳಕ್ಕೆಂದೇ ಸಜ್ಜಾಗಿ ಬಂದ ಮುಖ. ತಂಗಿ, ಭಾವ ಒಂದೇ ಬೆಂಚಿನ ಮೇಲೆ ಕುಳಿತದ್ದನ್ನು ಕಂಡು ಆ ಮುಖವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒಬ್ಬೊಬ್ಬರನ್ನೇ ನೋಡಿದ.

"ಏನ್ ನಡದೈತಿ ಇಲ್ಲಿ? ನಾ ಯಾರ್ನ ಕರಕೊಂಡು ಹೋಗಾಕ ಬಂದೀನಿ?"

"ಇಬ್ಬರನೂ," ಎಂದಳು ಪಾರ್ವತೆಮ್ಮ. "ನಡಿಯಣ್ಣಾ, ದಾರ್ಯಾಗ ಎಲ್ಲಾ ಹೇಳ್ತೀನಿ. ಇಲ್ಲ, ದಾರ್ಯಾಗ ಹೇಳಾಂಗಿಲ್ಲ. ಮನ್ಯಾಗ, ಎಲ್ಲರ ಮುಂದ ಹೇಳ್ತೀನಿ."

ಮೂವರೂ ಹೊರಟರು. ಅಣ್ಣ ಮುಂದೆ, ಹಂಪಣ್ಣ ನಡುವೆ. ಪಾರ್ವತೆಮ್ಮ ಹಿಂದಿನಿಂದ ಗಂಡನ ಹೆಗಲ ಚೀಲವನ್ನು ಕಿತ್ತುಕೊಂಡು ತಾನೇ ಹಾಕಿಕೊಂಡಳು. ಗೇಟಿನ ಹತ್ತಿರ ಅವಳು ನಿಂತು ಅವನಿಗೆ ಏನೋ ಹೇಳುವುದು, ಅವನು ಬೇಡವೆಂದು ಕೈ ಆಡಿಸುವುದು, ಅವಳು ಗದರುವುದು ಶೇಖರಮ್ಮನಿಗೆ ಕಿಟಕಿಯಿಂದ ಕಂಡಿತು. ಮಾತು ಕೇಳಿಸಲಿಲ್ಲ. ಅವರು ಮರೆಯಾಗುವ ತನಕ ನೋಡಿ, ಒಮ್ಮೆ ಕೈಮುಗಿದು, ಮುಂದಿನ ಫೈಲು ತೆರೆದಳು.